ಗಾಥಮ್‌ನ ಷಣ್ಮುಖ: ಓದುಗರ ಪ್ರಶ್ನೆಗಳಿಗೆ ಉತ್ತರ

‘ಬ್ಯಾಟ್‌ಮ್ಯಾನ್: ಗಾಥಮ್ ನೈಟ್’ ಎಂಬುದು ಜಪಾನಿನ ನಾಲ್ಕು ಸ್ಟುಡಿಯೋಗಳು ಸೇರಿ ರೂಪಿಸಿದ ಆರು ಅನಿಮೆ (ಜಪಾನೀ ಆ್ಯನಿಮೇಶನ್) ಕಿರುಚಿತ್ರಗಳ ಸಂಕಲನ. 2008ರ ಜುಲೈ 8ರಂದು ಅಮೆರಿಕದಲ್ಲಿ ಚಿತ್ರಮಂದಿರಕ್ಕೆ ಬರದೆ ನೇರವಾಗಿ ಡಿವಿಡಿ ಮತ್ತು ಬ್ಲೂ-ರೇ ರೂಪದಲ್ಲಿ ಬಿಡುಗಡೆಯಾದ ಈ ಸಂಕಲನದ ಬಗ್ಗೆಯೇ ಈ ಸಲ ಹೆಚ್ಚು ಪತ್ರಗಳು ಬಂದಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಕಥೆಯ ಕೊನೆಯನ್ನು ಹೇಳದೆ ಉತ್ತರಿಸಲಾಗದ ಪ್ರಶ್ನೆಗಳೂ ಇದರಲ್ಲಿವೆ. ಮೊದಲು ಚಿತ್ರ ನೋಡುತ್ತೇನೆ ಎನ್ನುವವರು ಈ ಪುಟವನ್ನು ಮಡಚಿಟ್ಟು ಆಮೇಲೆ ಓದಬಹುದು.

ಪ್ರಶ್ನೆ: ಆರು ಚಿತ್ರಗಳಲ್ಲಿ ಬ್ಯಾಟ್‌ಮ್ಯಾನ್ ಆರು ಥರ ಕಾಣಿಸುತ್ತಾನೆ. ಒಂದರಲ್ಲಿ ಗಡುಸು ಮುಖದ ಪ್ರೌಢ, ಇನ್ನೊಂದರಲ್ಲಿ ಕೂದಲು ಕೆದರಿದ ತರುಣ. ಇದು ತಯಾರಕರ ಅಜಾಗರೂಕತೆಯೋ ಅಥವಾ ಬೇಕೆಂದೇ ಮಾಡಿದ್ದೋ? ಇವರಲ್ಲಿ ನಿಜವಾದ ಬ್ಯಾಟ್‌ಮ್ಯಾನ್ ಯಾರು?
(ಶಿವಮೊಗ್ಗದಿಂದ ಒಬ್ಬ ಓದುಗರು)

ಉತ್ತರ: ಬೇಕೆಂದೇ ಮಾಡಿದ್ದು. ಆರೂ ಕಥೆಗಳನ್ನು ಬರೆದವರು ಅಮೆರಿಕದ ಲೇಖಕರು. ಅವುಗಳಿಗೆ ರೂಪ ಕೊಡುವ ಕೆಲಸವನ್ನು ಸ್ಟುಡಿಯೋ ಫೋರ್ ಡಿಗ್ರೀಸ್ ಸಿ, ಪ್ರೊಡಕ್ಷನ್ ಐಜಿ, ಬೀ ಟ್ರೇನ್ ಮತ್ತು ಮ್ಯಾಡ್‌ಹೌಸ್ ಎಂಬ ಜಪಾನೀ ಸಂಸ್ಥೆಗಳಿಗೆ ಹಂಚಲಾಯಿತು. ಮೊದಲನೆಯ ಮತ್ತು ಐದನೆಯ ಚಿತ್ರಗಳು ಫೋರ್ ಡಿಗ್ರೀಸ್ ಸಿ ಸಂಸ್ಥೆಯವು, ಎರಡನೆಯದು ಪ್ರೊಡಕ್ಷನ್ ಐಜಿಯದು, ಮೂರನೆಯದು ಬೀ ಟ್ರೇನ್‌ನದು, ನಾಲ್ಕು ಮತ್ತು ಆರನೆಯವು ಮ್ಯಾಡ್‌ಹೌಸ್‌ನವು. ಆರಕ್ಕೂ ನಿರ್ದೇಶಕರು ಬೇರೆ ಬೇರೆಯಾದ್ದರಿಂದ ಒಂದೇ ಸ್ಟುಡಿಯೋದಿಂದ ಹೊರಬಂದ ಎರಡು ಚಿತ್ರಗಳು ಕೂಡ ಅಣ್ಣತಮ್ಮಂದಿರಂತೆ ಕಾಣುವುದಿಲ್ಲ. (ಫೋರ್ ಡಿಗ್ರೀಸ್ ಸಿ ಎಂಬ ವಿಚಿತ್ರ ಹೆಸರಿನ ಬಗ್ಗೆ ಇಬ್ಬರು ಕೇಳಿದ್ದಾರೆ. ನೀರು ಅತ್ಯಂತ ಸಾಂದ್ರವಾಗುವುದು ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಮ್ಮ ಕೆಲಸವೂ ಅಷ್ಟೇ ಸಾಂದ್ರವಾಗಿರಬೇಕೆಂಬ ಆಸೆಯಿಂದ ಇಟ್ಟುಕೊಂಡ ಹೆಸರು ಅದು.)

ಯಾರು ನಿಜವಾದ ಬ್ಯಾಟ್‌ಮ್ಯಾನ್ ಎಂಬ ನಿಮ್ಮ ಪ್ರಶ್ನೆಯನ್ನು ಮೊದಲನೆಯ ಚಿತ್ರವೇ ಎತ್ತಿಕೊಳ್ಳುತ್ತದೆ. ಜೋಶ್ ಓಲ್ಸನ್ ಬರೆದು ಷೋಜಿರೊ ನಿಶಿಮಿ ನಿರ್ದೇಶಿಸಿದ ಆ ಚಿತ್ರದ ಹೆಸರು ‘ಹ್ಯಾವ್ ಐ ಗಾಟ್ ಎ ಸ್ಟೋರಿ ಫಾರ್ ಯೂ’. ಒಂದು ಕಥೆ ಇದೆ ಕೇಳು ಎನ್ನುವ ಧಾಟಿಯದು. ಸ್ಕೇಟ್‌ಬೋರ್ಡ್ ಆಡುವ ನಾಲ್ವರು ಮಕ್ಕಳು ಒಂದೆಡೆ ಸೇರಿ, ಅದೇ ದಿನ ನಗರದಲ್ಲಿ ತಾವು ಕಂಡ ಬ್ಯಾಟ್‌ಮ್ಯಾನ್‌ನ ಬಗ್ಗೆ ಪೈಪೋಟಿಗೆ ಬಿದ್ದವರಂತೆ ಬಣ್ಣಿಸುತ್ತಾರೆ. ಒಬ್ಬರ ಕಥೆಯಲ್ಲಿ ಅವನು ನೆರಳಿನಂತೆ ಕರಗಿ ಮತ್ತೆ ಮೂಡುವ ಕಪ್ಪು ಆಕೃತಿ. ಇನ್ನೊಬ್ಬರಲ್ಲಿ ರೆಕ್ಕೆ ಬಡಿಯುವ ಅರ್ಧ ಬಾವಲಿ. ಮತ್ತೊಬ್ಬರಲ್ಲಿ ಉಕ್ಕಿನ ಯಂತ್ರಮಾನವ. ಹೇಳುವವರು ಬದಲಾದಂತೆ ಪರದೆಯ ಮೇಲಿನ ಆಕೃತಿಯೂ ಬದಲಾಗುತ್ತದೆ. ನಾಲ್ಕನೆಯ ಹುಡುಗನಿಗೆ ಹೇಳಲು ಏನೂ ಇರುವುದಿಲ್ಲ. ಅಷ್ಟರಲ್ಲಿ ಬ್ಯಾಟ್‌ಮ್ಯಾನ್ ಅವರ ನಡುವೆಯೇ ಬಂದು ಬೀಳುತ್ತಾನೆ. ಗಾಯಗೊಂಡು, ಏದುಸಿರು ಬಿಡುತ್ತಾ, ಎಲ್ಲರಂತೆ ನೋಯುವ ಒಬ್ಬ ಮನುಷ್ಯ. ಹುಡುಗ ತನ್ನ ಸ್ಕೇಟ್‌ಬೋರ್ಡನ್ನೇ ಆಯುಧ ಮಾಡಿಕೊಂಡು ಅವನಿಗೆ ನೆರವಾಗುತ್ತಾನೆ.

ಕುರುಡರು ಆನೆ ಮುಟ್ಟಿ ನೋಡಿದ ಕಥೆ ನಿಮಗೆ ನೆನಪಾಗಬಹುದು. ನನಗೂ ಮೊದಲು ಹಾಗೇ ಆಯಿತು. ಆದರೆ ಆ ಹೋಲಿಕೆ ಅರ್ಧ ದಾರಿಗೇ ನಿಲ್ಲುತ್ತದೆ. ಕುರುಡರು ಹೇಳಿದ ಕಂಬ, ಮೊರ, ಹಗ್ಗಗಳನ್ನು ಕೂಡಿಸಿದರೆ ಹೇಗೋ ಒಂದು ಆನೆಯಾಗುತ್ತದೆ. ನೆರಳು, ಬಾವಲಿ, ಯಂತ್ರ ಇವನ್ನು ಎಷ್ಟು ಕೂಡಿಸಿದರೂ ಆ ಗಾಯಾಳು ಸಿಗುವುದಿಲ್ಲ. ಮಕ್ಕಳು ಅವನನ್ನು ನೋಡಿರುವುದು ಸುಳ್ಳಲ್ಲ, ಆದರೆ ನೋಡಿದ್ದರ ಮೇಲೆ ಭಯವನ್ನೂ ಬೆರಗನ್ನೂ ಅಷ್ಟು ದಪ್ಪಗೆ ಬಳಿದುಕೊಂಡಿದ್ದಾರೆ. ಒಟ್ಟು ಸಂಕಲನದ ಕೀಲಿಕೈ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಮುಂದಿನ ಐದು ಚಿತ್ರಗಳಲ್ಲಿ ಮುಖ ಬದಲಾಗುತ್ತಲೇ ಇರುತ್ತದೆ, ಅದರ ಹಿಂದೆ ಹೋದರೆ ದಾರಿ ತಪ್ಪುತ್ತದೆ. ಗಾಯದ ಹಿಂದೆ ಹೋದರೆ ಮನುಷ್ಯ ಸಿಗುತ್ತಾನೆ.

ಈ ಹೂಟ ಹೊಸದೇನಲ್ಲ ಎಂಬುದನ್ನೂ ಹೇಳಿಬಿಡಬೇಕು. 1973ರಲ್ಲಿ ಬ್ಯಾಟ್‌ಮ್ಯಾನ್ ಕಾಮಿಕ್ಸ್ ಮಾಲಿಕೆಯ 250ನೆಯ ಸಂಚಿಕೆಗೆ ಫ್ರಾಂಕ್ ರಾಬಿನ್ಸ್ ಬರೆದ ಒಂದು ಪುಟ್ಟ ಕಥೆಯಲ್ಲಿ ಮಕ್ಕಳು ಹೀಗೇ ತಮ್ಮ ತಮ್ಮ ಬ್ಯಾಟ್‌ಮ್ಯಾನ್‌ನನ್ನು ಬಣ್ಣಿಸುತ್ತಾರೆ, ಬ್ಯಾಟ್‌ಮ್ಯಾನ್ ಮುಖವಾಡದ ಹಿಂದಿರುವ ಬ್ರೂಸ್ ವೇಯ್ನ್ ಪಕ್ಕದಲ್ಲೇ ಕುಳಿತು ಕೇಳುತ್ತಾನೆ. ಬ್ಯಾಟ್‌ಮ್ಯಾನ್ ಕಾರ್ಟೂನ್ ಸರಣಿಯೊಂದರ, 1998ರಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿಯೂ ಇದೇ ಹೂಟವಿತ್ತು.

ಪ್ರಶ್ನೆ: ಗಾಥಮ್ ನೈಟ್ ಎಂದರೆ ಗಾಥಮ್ ನಗರದ ರಾತ್ರಿ ಎಂದರ್ಥವೇ?
(ಹಾವೇರಿ)

ಉತ್ತರ: ಅಲ್ಲ. ರಾತ್ರಿ ಎಂಬರ್ಥದ ಪದವೂ ಮಧ್ಯಯುಗದ ಯುರೋಪಿನ ಕುದುರೆ ಸವಾರ ವೀರ ಎಂಬರ್ಥದ ಪದವೂ ಕನ್ನಡ ಲಿಪಿಯಲ್ಲಿ ಒಂದೇ ಆಗಿ ಕೂತುಬಿಡುವುದರಿಂದ ಈ ಗೊಂದಲ. ಇಲ್ಲಿರುವುದು ವೀರ. ಚಿತ್ರದಲ್ಲಿ ಹಗಲಿಗಿಂತ ಇರುಳೇ ಹೆಚ್ಚಾಗಿರುವುದರಿಂದ ನಿಮ್ಮ ಅರ್ಥವೂ ತೀರಾ ಹೊರಗಿನದೇನಲ್ಲ.

ಪ್ರಶ್ನೆ: ಇದನ್ನು ಕ್ರಿಸ್ಟೋಫರ್ ನೋಲನ್ ಮಾಡಿದ್ದು, ಇದು ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ ಹಾಗೂ ‘ದ ಡಾರ್ಕ್ ನೈಟ್’ ಚಿತ್ರಗಳ ನಡುವಿನ ಕಥೆ, ಇದನ್ನು ನೋಡದೆ ಎರಡನೆಯದು ಪೂರ್ತಿ ಅರ್ಥವಾಗುವುದಿಲ್ಲ ಎಂದು ಗೆಳೆಯರು ವಾದಿಸುತ್ತಾರೆ. ನಿಜವೇ?
(ಮಂಗಳೂರಿನ ಕಾಲೇಜು ವಿದ್ಯಾರ್ಥಿ)

ಉತ್ತರ: ಗೆಳೆಯರ ಮಾತಿನಲ್ಲಿ ನಡುವಿನ ತುಂಡು ಮಾತ್ರ ಸರಿ. ನೋಲನ್ ಇದನ್ನು ನಿರ್ದೇಶಿಸಿದವರಲ್ಲ. 2005ರ ‘ಬಿಗಿನ್ಸ್’ ಚಿತ್ರಕಥೆಯಲ್ಲಿ ಅವರ ಜೊತೆಗಾರರಾಗಿದ್ದ ಡೇವಿಡ್ ಗೋಯರ್ ಇಲ್ಲಿ ನಾಲ್ಕನೆಯ ಕಥೆಯನ್ನು ಬರೆದಿದ್ದಾರೆ. ಅವರ ಬಳಗದ ಜೋರ್ಡನ್ ಗೋಲ್ಡ್‌ಬರ್ಗ್ ಮೂರನೆಯದನ್ನು ಬರೆದಿದ್ದಾರೆ. ಸಂಕಲನ ಹೊರಬಂದ ಹತ್ತನೆಯ ದಿನಕ್ಕೆ, ಜುಲೈ 18ರಂದು, ‘ದ ಡಾರ್ಕ್ ನೈಟ್’ ಅಮೆರಿಕದ ಚಿತ್ರಮಂದಿರಗಳಿಗೆ ಬಂತು. ದೊಡ್ಡ ಚಿತ್ರಕ್ಕೆ ಮುಂಚೆ ಜನರ ಕುತೂಹಲವನ್ನು ಕೆರಳಿಸಿಡುವ ವ್ಯಾಪಾರದ ಲೆಕ್ಕಾಚಾರ ಇದರ ಹಿಂದೆ ಇತ್ತು ಎನ್ನುವುದರಲ್ಲಿ ಮುಚ್ಚುಮರೆಯೇನಿಲ್ಲ. 2003ರಲ್ಲಿ ‘ದ ಮ್ಯಾಟ್ರಿಕ್ಸ್’ ಚಿತ್ರಗಳ ಜಗತ್ತನ್ನು ವಿಸ್ತರಿಸಲು ‘ದ ಅನಿಮ್ಯಾಟ್ರಿಕ್ಸ್’ ಎಂಬ ಒಂಬತ್ತು ಕಿರುಚಿತ್ರಗಳ ಗುಚ್ಛವನ್ನು, ಈ ಸಂಕಲನವನ್ನೂ ತಂದ ವಾರ್ನರ್ ಸಂಸ್ಥೆಯೇ ತಂದಿತ್ತು. ಮ್ಯಾಡ್‌ಹೌಸ್ ಮತ್ತು ಫೋರ್ ಡಿಗ್ರೀಸ್ ಸಿ ಅದರಲ್ಲೂ ಇದ್ದವು. ಆ ಹಳೆಯ ಅಚ್ಚಿನಲ್ಲೇ ಈ ಬೆಲ್ಲವನ್ನೂ ಎರಕ ಹೊಯ್ದಿದ್ದಾರೆ.

ಅರ್ಥವಾಗುವುದಿಲ್ಲ ಎಂಬ ಮಾತು ಸುಳ್ಳು. ಇದನ್ನು ಕಾಣದೆಯೇ ಜಗತ್ತಿನಾದ್ಯಂತ ಜನ ‘ದ ಡಾರ್ಕ್ ನೈಟ್’ ನೋಡಿ ಅರ್ಥ ಮಾಡಿಕೊಂಡಿದ್ದಾರೆ. ಆದರೆ ನೋಡಿದವರಿಗೆ ಒಂದು ಹೆಚ್ಚುವರಿ ಲಾಭವಿದೆ. ಗ್ರೆಗ್ ರಕಾ ಬರೆದ ಎರಡನೆಯ ಚಿತ್ರ ‘ಕ್ರಾಸ್‌ಫೈರ್’ನಲ್ಲಿ ಕ್ರಿಸ್ಪಸ್ ಆಲನ್ ಮತ್ತು ಆನಾ ರಮಿರೆಜ್ ಎಂಬ ಇಬ್ಬರು ಪತ್ತೇದಾರಿ ಪೊಲೀಸರು ಒಬ್ಬ ಕೈದಿಯನ್ನು ಆರ್ಕಮ್ ಎಂಬ ಹುಚ್ಚಾಸ್ಪತ್ರೆಗೆ ಮುಟ್ಟಿಸಿ ಹಿಂದಿರುಗುತ್ತಿರುತ್ತಾರೆ. ಮೊದಲ ಚಿತ್ರದಲ್ಲಿ ಬ್ಯಾಟ್‌ಮ್ಯಾನ್ ಹೊಡೆದಾಡುತ್ತಿದ್ದ ಖಳನೇ ಆ ಕೈದಿ. ಮುಖವಾಡ ತೊಟ್ಟವನೊಬ್ಬನ ಕೈಯಾಳುಗಳಂತೆ ನಾವೇಕೆ ದುಡಿಯಬೇಕು, ರಾಜೀನಾಮೆ ಬಿಸಾಡುತ್ತೇನೆ ಎಂದು ಆಲನ್ ಸಿಡುಕುತ್ತಾನೆ. ಬ್ಯಾಟ್‌ಮ್ಯಾನ್‌ನಿಂದ ಊರು ಸುಧಾರಿಸಿದೆ ಎಂದು ಅವನ ಪರ ನಿಂತು ವಾದಿಸುವವಳು ರಮಿರೆಜ್. ಅಷ್ಟರಲ್ಲಿ ಎರಡು ಗೂಂಡಾ ಪಡೆಗಳ ಗುಂಡಿನ ಕಾಳಗದ ನಡುವೆ ಇಬ್ಬರೂ ಸಿಕ್ಕಿಕೊಳ್ಳುತ್ತಾರೆ. ಉರಿಯುವ ಬೆಂಕಿಯನ್ನು ಹಿಂದಿಟ್ಟುಕೊಂಡು ಬ್ಯಾಟ್‌ಮ್ಯಾನ್ ನಡೆದುಬರುವ ದೃಶ್ಯಕ್ಕಾಗಿಯಾದರೂ ಇದನ್ನು ನೋಡಬೇಕು. ಇದೇ ರಮಿರೆಜ್ ‘ದ ಡಾರ್ಕ್ ನೈಟ್’ನಲ್ಲಿ ತಾಯಿಯ ಆಸ್ಪತ್ರೆ ಖರ್ಚಿನ ಭಾರಕ್ಕೆ ಸಿಲುಕಿ ದುಷ್ಟರಿಗೆ ನೆರವಾಗುತ್ತಾಳೆ, ಬ್ರೂಸ್‌ನ ಬಾಲ್ಯದ ಗೆಳತಿ ರೇಚಲ್‌ಳ ಸಾವಿಗೆ ಅವಳೂ ಒಂದು ಕಾರಣ. ಕಾರಿನಲ್ಲಿ ಅವಳಾಡಿದ ನಂಬಿಕೆಯ ಮಾತುಗಳನ್ನು ಕೇಳಿಸಿಕೊಂಡವರಿಗೆ ಆ ದ್ರೋಹ ಎರಡು ಪಟ್ಟು ಕಹಿಯಾಗಿ ತಾಗುತ್ತದೆ.

ಒಂದೇ ಜಗತ್ತಿನ ಕಥೆ ಎಂಬ ಪ್ರಚಾರವನ್ನು ಸಡಿಲ ಮಾಡುವ ಸಂಗತಿಯೊಂದು ಕಿವಿಗೇ ಬೀಳುತ್ತದೆ. ಇಲ್ಲಿ ಬ್ಯಾಟ್‌ಮ್ಯಾನ್‌ಗೆ ದನಿ ಕೊಟ್ಟವರು ನೋಲನ್ ಚಿತ್ರಗಳ ಕ್ರಿಶ್ಚಿಯನ್ ಬೇಲ್ ಅಲ್ಲ. 1992ರ ಕಾರ್ಟೂನ್ ಸರಣಿಯಿಂದ ಆ ಪಾತ್ರದ ದನಿಯೇ ಆಗಿಹೋಗಿದ್ದ ಕೆವಿನ್ ಕಾನ್ರಾಯ್. ಬ್ರೂಸ್‌ನಿಗೊಂದು, ಮುಖವಾಡ ತೊಟ್ಟವನಿಗೊಂದು ಎಂದು ಎರಡು ಸ್ವರಗಳನ್ನು ಅಷ್ಟು ಸಹಜವಾಗಿ ನಿಭಾಯಿಸಿದ ಇನ್ನೊಬ್ಬರನ್ನು ನಾನು ಕೇಳಿಲ್ಲ. ಅವರು 2022ರ ನವೆಂಬರ್‌ನಲ್ಲಿ ತೀರಿಕೊಂಡರು. ಆರು ಮುಖಗಳನ್ನು ಒಂದೇ ದಾರದಲ್ಲಿ ಪೋಣಿಸಿರುವುದು ಅವರ ಕಂಠ.

ಪ್ರಶ್ನೆ: ಮೂರನೆಯ ಚಿತ್ರದಲ್ಲಿ ಗುಂಡನ್ನೇ ಪಕ್ಕಕ್ಕೆ ತಿರುಗಿಸುವ ವಿದ್ಯುತ್ಕಾಂತೀಯ ಸಾಧನವೊಂದನ್ನು ಬ್ಯಾಟ್‌ಮ್ಯಾನ್ ಧರಿಸುತ್ತಾನೆ. ವೈಜ್ಞಾನಿಕವಾಗಿ ಇದು ಸಾಧ್ಯವೇ?
(ಉಡುಪಿ, ಎಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ನಿಮ್ಮ ಪ್ರಯೋಗಾಲಯದ ಆಯಸ್ಕಾಂತವನ್ನು ಒಮ್ಮೆ ನೆನೆಸಿಕೊಳ್ಳಿ. ಸಾಮಾನ್ಯ ಪಿಸ್ತೂಲಿನ ಗುಂಡು ಎಂದರೆ ಒಳಗೆ ಸೀಸ, ಹೊರಗೆ ತಾಮ್ರದ ಹೊದಿಕೆ. ಇವೆರಡನ್ನೂ ಆಯಸ್ಕಾಂತ ಸೆಳೆಯುವುದಿಲ್ಲ. ಬದಲಾಗುವ ಕಾಂತಕ್ಷೇತ್ರದೊಳಗೆ ಹಾಯುವ ಲೋಹದಲ್ಲಿ ಸುಳಿಪ್ರವಾಹ ಹುಟ್ಟಿ ಒಂದಿಷ್ಟು ತಡೆಯಾಗುತ್ತದೆ, ನಿಜ. ಆದರೆ ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಬರುವ ಗುಂಡು ಕೊನೆಯ ಒಂದು ಮೀಟರನ್ನು ದಾಟಲು ತೆಗೆದುಕೊಳ್ಳುವುದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಮೂರರಷ್ಟು ಹೊತ್ತು. ಅಷ್ಟರೊಳಗೆ ಅದರ ದಾರಿ ತಪ್ಪಿಸಬಲ್ಲ ಕ್ಷೇತ್ರವನ್ನು ಉಂಟುಮಾಡುವ ಯಂತ್ರವನ್ನು ಸೊಂಟಕ್ಕೆ ಕಟ್ಟಿಕೊಂಡು ಮಾಳಿಗೆಯಿಂದ ಮಾಳಿಗೆಗೆ ನೆಗೆಯುವುದು ಕಥೆಯಲ್ಲಿ ಮಾತ್ರ ಸಾಧ್ಯ.

ಚಿತ್ರಕ್ಕೂ ವಿಜ್ಞಾನದ ಗೊಡವೆ ಹೆಚ್ಚಿಲ್ಲ. ‘ಫೀಲ್ಡ್ ಟೆಸ್ಟ್’ ಎಂಬ ಆ ಕಥೆಯ ಜಾಣತನ ಬೇರೆಡೆ ಇದೆ. ತಿರುಗಿದ ಗುಂಡು ಎಲ್ಲಿಗಾದರೂ ಹೋಗಲೇಬೇಕಲ್ಲ? ಅದು ಗೂಂಡಾ ಪಡೆಯವನೊಬ್ಬನಿಗೇ ಹೋಗಿ ನಾಟುತ್ತದೆ. ಬ್ಯಾಟ್‌ಮ್ಯಾನ್ ಹೊಡೆದಾಟವನ್ನು ಅಲ್ಲಿಗೇ ಬಿಟ್ಟು ಗಾಯಗೊಂಡವನನ್ನು ಎತ್ತಿಕೊಂಡು ಆಸ್ಪತ್ರೆಗೆ ಧಾವಿಸುತ್ತಾನೆ. ಮರುದಿನ ಸಾಧನವನ್ನು, ಅದನ್ನು ಒದಗಿಸಿದ ಲೂಷಿಯಸ್ ಫಾಕ್ಸ್‌ಗೆ ವಾಪಸು ಕೊಡುತ್ತಾನೆ: ಪ್ರಾಣವನ್ನು ಪಣಕ್ಕಿಡಲು ತಾನು ಸಿದ್ಧ, ಆದರೆ ಆ ಪ್ರಾಣ ತನ್ನದೇ ಆಗಿರಬೇಕು, ಬೇರೆಯವರದಲ್ಲ ಎನ್ನುವುದು ಅವನ ವಾದ. ಕೂದಲು ಕೆದರಿದ ತರುಣ ಎಂದು ಶಿವಮೊಗ್ಗದ ಓದುಗರು ಹೇಳಿದ್ದು ಈ ಚಿತ್ರದ ಬ್ರೂಸ್‌ನನ್ನು. ಚಿತ್ರಣ ನನಗೂ ಹಿಡಿಸಲಿಲ್ಲ, ಆರರಲ್ಲಿ ಇದೇ ಸಪ್ಪೆ. ಆದರೂ ಗಾಯ ತನ್ನ ಮೈಯಿಂದ ಬೇರೆಯವರ ಮೈಗೆ ದಾಟಿದ ಕೂಡಲೇ ಅವನು ಆಟವನ್ನೇ ನಿಲ್ಲಿಸಿಬಿಡುವುದು ಒಟ್ಟು ಸಂಕಲನದ ಎಳೆಗೆ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ.

ಪ್ರಶ್ನೆ: ಅನಿಮೆಯಲ್ಲಿ ಮುಖ ಅಲುಗಾಡದೆ ಬಾಯಿ ಮಾತ್ರ ಆಡುತ್ತದೆ. ಇದಕ್ಕೆ ಇಷ್ಟೊಂದು ಹೊಗಳಿಕೆ ಏಕೆ?
(ಹುಬ್ಬಳ್ಳಿ)

ಉತ್ತರ: ಆಕ್ಷೇಪಣೆ ಹಳೆಯದು, ಅದಕ್ಕೊಂದು ಇತಿಹಾಸವೂ ಇದೆ. ಸಿನಿಮಾದ ಒಂದು ಸೆಕೆಂಡಿನಲ್ಲಿ 24 ಚೌಕಟ್ಟುಗಳು ಹಾಯುತ್ತವೆ. ಪ್ರತಿ ಚೌಕಟ್ಟಿಗೂ ಅಥವಾ ಎರಡಕ್ಕೊಂದರಂತೆ ಹೊಸ ಚಿತ್ರ ಬರೆಯುವುದು ಅಮೆರಿಕದ ದೊಡ್ಡ ಸ್ಟುಡಿಯೋಗಳ ರೂಢಿಯಾಗಿತ್ತು. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ವಾರಕ್ಕೊಂದು ಕಂತಿನಂತೆ ಜಪಾನಿನ ದೂರದರ್ಶನದಲ್ಲಿ ಆರಂಭವಾದಾಗ ಅಷ್ಟು ಚಿತ್ರ ಬರೆಯಲು ದುಡ್ಡೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳ ಕಾಲ ನಿಲ್ಲಿಸುವುದು, ಮಾತಾಡುವಾಗ ಬಾಯಿಯನ್ನಷ್ಟೇ ಬದಲಿಸುವುದು, ಬರೆದ ಚಲನೆಯನ್ನು ಜೋಪಾನವಾಗಿಟ್ಟು ಮತ್ತೆ ಬಳಸುವುದು, ಇವೆಲ್ಲ ಆಗ ಬೇರೂರಿದ ಉಪಾಯಗಳು. ಅಂದರೆ ಸೆಕೆಂಡಿಗೆ ಎಂಟೇ ಚಿತ್ರ.

ಬಡತನದಲ್ಲಿ ಕಲಿತ ಅಡುಗೆಯೇ ಆಮೇಲೆ ಮನೆತನದ ರುಚಿಯಾಗುವುದುಂಟಲ್ಲ, ಹಾಗೆ ಉಳಿತಾಯವೇ ಒಂದು ಶೈಲಿಯಾಯಿತು. ಸ್ತಬ್ಧ ಚಿತ್ರಗಳಲ್ಲಿ ಉಳಿಸಿದ ಶ್ರಮವನ್ನೆಲ್ಲ ಒಂದೆರಡು ಗಳಿಗೆಗೆ ಸುರಿಯುವುದು ಅಲ್ಲಿನ ಪದ್ಧತಿ. ‘ಗೆಂಗಾ’ ಎಂದು ಕರೆಯುವ ಮುಖ್ಯ ಚಿತ್ರಗಳನ್ನು ನುರಿತವರು ಬರೆಯುತ್ತಾರೆ. ಅವುಗಳ ನಡುವಿನ ಸಂದುಗಳನ್ನು ತುಂಬುವ ‘ದೋಗಾ’ ಚಿತ್ರಗಳನ್ನು ಸಾಮಾನ್ಯವಾಗಿ ಕಿರಿಯರು ಬರೆಯುತ್ತಾರೆ. ‘ಕ್ರಾಸ್‌ಫೈರ್’ನ ಕಾರಿನೊಳಗಿನ ಮಾತುಕತೆಯಲ್ಲಿ ನಿಮ್ಮ ಆಕ್ಷೇಪಣೆ ನೂರಕ್ಕೆ ನೂರು ಸರಿ, ಬಾಯಿ ಮಾತ್ರ ಆಡುತ್ತದೆ. ಆದರೆ ಮೊದಲನೆಯ ಚಿತ್ರದಲ್ಲಿ ಆ ಮಕ್ಕಳು ಸ್ಕೇಟ್‌ಬೋರ್ಡ್ ಮೇಲೆ ವಾಲುವ, ಕಾಲು ಊರುವ, ತೂಕವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ವರ್ಗಾಯಿಸುವ ರೀತಿಯನ್ನು ಗಮನಿಸಿ. ನಿಶಿಮಿ 2006ರ ‘ಟೆಕ್ಕಾನ್‌ಕಿಂಕ್ರೀಟ್’ ಚಿತ್ರದ ಪಾತ್ರ ವಿನ್ಯಾಸಕರು. ಉದ್ದ ಕೈಕಾಲುಗಳ, ಸೊಟ್ಟ ಮೂತಿಯ ಆ ಮಕ್ಕಳು ಅಂದವಾಗಿಲ್ಲ ಎಂದು ಕೆಲವರು ದೂರುತ್ತಾರೆ. ಆದರೆ ಓಡಲು ತೊಡಗಿದ ಮೇಲೆ ಅವರಿಂದ ಕಣ್ಣು ಕೀಳಲಾಗುವುದಿಲ್ಲ.

ಪ್ರಶ್ನೆ: ನಾಯಕ ಅಮೆರಿಕದವನು, ಲೇಖಕರು ಅಮೆರಿಕದವರು, ಮಾತು ಇಂಗ್ಲಿಷ್. ಇದನ್ನು ಅನಿಮೆ ಎನ್ನಬಹುದೇ?
(ಬೆಂಗಳೂರು)

ಉತ್ತರ: ಅನಿಮೆ ಎಂಬುದು ಆ್ಯನಿಮೇಶನ್ ಪದವನ್ನು ಜಪಾನೀಯರು ಮೊಟಕುಗೊಳಿಸಿಕೊಂಡ ರೂಪವಷ್ಟೇ, ಅವರ ಬಾಯಲ್ಲಿ ಮಿಕ್ಕಿ ಮೌಸ್ ಕೂಡ ಅನಿಮೆಯೇ. ಜಪಾನಿನ ಆ್ಯನಿಮೇಶನ್ ಮಾತ್ರ ಎಂಬ ಅರ್ಥ ಹೊರದೇಶಗಳಲ್ಲಿ ಬೆಳೆದದ್ದು. ಆ ಅರ್ಥವನ್ನು ತೆಗೆದುಕೊಂಡರೂ ಇದಕ್ಕೆ ಹೆಸರು ಸಲ್ಲುತ್ತದೆ, ಏಕೆಂದರೆ ಚಿತ್ರ ಬರೆದ ಕೈಗಳು ಆ ಪರಂಪರೆಯವು.

ಅಲ್ಲದೆ ಬ್ಯಾಟ್‌ಮ್ಯಾನ್ ಜಪಾನಿಗೆ ಹೊಸ ನೆಂಟನೇನಲ್ಲ. ಬಾಬ್ ಕೇನ್ ಮತ್ತು ಬಿಲ್ ಫಿಂಗರ್ 1939ರಲ್ಲಿ ಸೃಷ್ಟಿಸಿದ ಈ ನಾಯಕ ಅಮೆರಿಕದ ದೂರದರ್ಶನ ಸರಣಿಯಿಂದಾಗಿ 1966ರಲ್ಲಿ ಜಪಾನಿನಲ್ಲೂ ಹೆಸರಾದಾಗ, ‘ಷೋನೆನ್ ಕಿಂಗ್’ ಎಂಬ ಬಾಲಕರ ವಾರಪತ್ರಿಕೆಗಾಗಿ ಜಿರೋ ಕುವಾತಾ ಸ್ವತಂತ್ರವಾಗಿ ಬ್ಯಾಟ್‌ಮ್ಯಾನ್ ಮಾಂಗಾ, ಅಂದರೆ ಜಪಾನೀ ಕಾಮಿಕ್ಸ್, ಬರೆದರು. ಮುಂದಿನ ವರ್ಷ ಅದು ನಿಂತುಹೋಗಿ ಹೊರಗಿನವರಿಗೆ ಮರೆತೇಹೋಗಿತ್ತು. ಅದರ ಆಯ್ದ ಭಾಗಗಳು ಅಮೆರಿಕದಲ್ಲಿ ಪುಸ್ತಕವಾಗಿ ಹೊರಬಂದದ್ದು 2008ರಲ್ಲಿ, ಗಾಥಮ್ ನೈಟ್ ಬಂದ ವರ್ಷವೇ. 1992ರ ಕಾರ್ಟೂನ್ ಸರಣಿಯ ಹಲವು ಕಂತುಗಳ ಚಿತ್ರಗಳನ್ನು ಬರೆದದ್ದೂ ಜಪಾನಿನ ಸ್ಟುಡಿಯೋಗಳೇ. ಆಗ ಅಮೆರಿಕನ್ನರು ಕೊಟ್ಟ ನಕ್ಷೆಯ ಪ್ರಕಾರ ಗೋಡೆ ಎಬ್ಬಿಸಿದ ಗಾರೆ ಕೆಲಸದವರಿಗೆ 2008ರಲ್ಲಿ ನಕ್ಷೆಯನ್ನೂ ಹಾಕುವ ಅವಕಾಶ ಸಿಕ್ಕಿತು ಎನ್ನಬಹುದು.

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ. ಕಾರ್ಟೂನ್ ತಾನೇ ಎಂದು ತೋರಿಸಬಹುದೇ?
(ಮೈಸೂರಿನಿಂದ ಒಬ್ಬ ತಾಯಿ)

ಉತ್ತರ: ಬೇಡಮ್ಮ. ಹದಿಮೂರಕ್ಕಿಂತ ಚಿಕ್ಕವರ ವಿಷಯದಲ್ಲಿ ಹೆತ್ತವರು ಎಚ್ಚರ ವಹಿಸಬೇಕೆಂಬ ದರ್ಜೆಯನ್ನು ಅಮೆರಿಕದಲ್ಲಿ ಇದಕ್ಕೆ ಕೊಟ್ಟಿದ್ದಾರೆ. ರಕ್ತವಿದೆ, ಕೊಲೆಯಿದೆ. ನಾಲ್ಕನೆಯ ಚಿತ್ರವಂತೂ ಚರಂಡಿ ಸುರಂಗದ ಕತ್ತಲಿನಲ್ಲೇ ನಡೆಯುತ್ತದೆ. ಮೊಸಳೆಯಂಥ ಮೈಯವನೊಬ್ಬ ಪಾದ್ರಿಯನ್ನು ಹೊತ್ತೊಯ್ಯುತ್ತಾನೆ. ಅವನನ್ನು ಆಡಿಸುವ ಸ್ಕೇರ್‌ಕ್ರೋ, ಅಂದರೆ ನಮ್ಮ ಹೊಲಗಳ ಬೆರ್ಚಪ್ಪ, ಭಯ ಹುಟ್ಟಿಸುವ ವಿಷವನ್ನು ಉಣಿಸುತ್ತಾನೆ. ಮಸಿಯಲ್ಲಿ ಅದ್ದಿ ತೆಗೆದಂತಿರುವ ಅದರ ಚಿತ್ರಣ ದೊಡ್ಡವರಿಗೆ ಹಬ್ಬ, ಕಥೆ ಮಾತ್ರ ತೆಳು. ಎಂಟು ವರ್ಷದ ಮಗುವಿನ ನಿದ್ದೆ ಕೆಡಿಸಲು ಆ ಒಂದು ಚಿತ್ರ ಸಾಕು. ಐದಾರು ವರ್ಷ ಬಿಟ್ಟು ಜೊತೆಯಲ್ಲಿ ಕುಳಿತು ನೋಡಿ.

ಪ್ರಶ್ನೆ: ಐದನೆಯ ಚಿತ್ರದಲ್ಲಿ ಬ್ರೂಸ್ ವೇಯ್ನ್ ಭಾರತಕ್ಕೆ ಬರುತ್ತಾನೆ. ಅಲ್ಲಿ ತೋರಿಸಿರುವ ಫಕೀರರು ನಮ್ಮೂರ ದರ್ಗಾದಲ್ಲಿ ಕಾಣುವ ಫಕೀರರಂತೆ ಇಲ್ಲವೇ ಇಲ್ಲ. ಅಲ್ಲಿನ ಹೆಣ್ಣಿನ ಹೆಸರು ಕಸಾಂಡ್ರಾ! ಇದು ಯಾವ ಭಾರತ?
(ಕಲಬುರಗಿ)

ಉತ್ತರ: ಪುಸ್ತಕಗಳಿಂದ ಎದ್ದುಬಂದ ಭಾರತ. ಅರಬ್ಬಿಯಲ್ಲಿ ಫಕೀರ ಎಂದರೆ ಬಡವ. ಸೂಫಿಗಳಲ್ಲಿ ದೇವರ ಮುಂದೆ ತನ್ನದೆಂಬುದು ಏನೂ ಇಲ್ಲದವನು. ವಸಾಹತು ಕಾಲದ ಇಂಗ್ಲಿಷರು ಆ ಪದವನ್ನು ಎಳೆದಾಡಿ ಸೂಫಿ, ಬೈರಾಗಿ, ಹಠಯೋಗಿ, ಮೊಳೆಯ ಹಾಸಿಗೆಯ ಮೇಲೆ ಮಲಗುವವ ಎಲ್ಲರಿಗೂ ಅದೊಂದೇ ಅಂಗಿಯನ್ನು ತೊಡಿಸಿದರು. 1931ರಲ್ಲಿ ವಿನ್‌ಸ್ಟನ್ ಚರ್ಚಿಲ್ ಗಾಂಧೀಜಿಯನ್ನು ಹೀಗಳೆಯಲು ಬಳಸಿದ್ದೂ ಇದೇ ಪದವನ್ನು. ನೋವನ್ನು ಗೆಲ್ಲುವ ಗುಪ್ತವಿದ್ಯೆಯ ಫಕೀರರು ಎಂಬ ಕಲ್ಪನೆ ಆ ಗೊಂದಲದ ಮರಿಮಗು. ಈ ಕಥೆ ಬರೆದ ಬ್ರಯಾನ್ ಅಜರೆಲೋ ಅದನ್ನು ಪ್ರಶ್ನಿಸದೆ ಎತ್ತಿಕೊಂಡಿದ್ದಾರೆ. ಖ್ವಾಜಾ ಬಂದೇನವಾಜರ ದರ್ಗಾದ ಊರಿನವರಾದ ನಿಮಗೆ ಅದು ಕಣ್ಣಿಗೆ ಚುಚ್ಚಿದ್ದು ಸಹಜ.

ಕಸಾಂಡ್ರಾ ವಿಷಯದಲ್ಲಿ ನಾನು ಅಷ್ಟು ಕಠಿಣನಾಗಲಾರೆ. ಗಂಡುವೇಷ ಹಾಕಿಕೊಂಡು ಆ ವಿದ್ಯೆಯನ್ನು ಕಲಿತು, ಗುಟ್ಟು ಹೊರಬಿದ್ದ ಮೇಲೆ ಊರಿನಿಂದ ದೂರವಿಡಲ್ಪಟ್ಟ ಹೆಂಗಸು ಅವಳು. ಹೆಸರು ಭಾರತದ್ದಲ್ಲ, ಗ್ರೀಕ್ ಪುರಾಣದ್ದು: ನಡೆಯಲಿರುವುದನ್ನೆಲ್ಲ ಮೊದಲೇ ಕಂಡು ಹೇಳಿದರೂ ಯಾರೂ ನಂಬದೆ ಹೋದ ರಾಜಕುಮಾರಿಯ ಹೆಸರು. ಫಕೀರರು ಬಾಗಿಲು ಮುಚ್ಚಿದಾಗ ಬ್ರೂಸ್‌ನನ್ನು ಶಿಷ್ಯನನ್ನಾಗಿ ಸ್ವೀಕರಿಸಿ, ಕೊನೆಗೆ ಅವನು ನೋವನ್ನು ದಾಟಲು ಬಂದವನಲ್ಲ, ಆ ನೋವು ಕರೆದೊಯ್ಯುವ ದಾರಿಯೇ ಅವನಿಗೆ ಬೇಕಾಗಿದೆ ಎಂದು ಕಂಡುಕೊಂಡು ಬೀಳ್ಕೊಡುವವಳಿಗೆ ಆ ಹೆಸರು ಒಪ್ಪುತ್ತದೆ. ದನಿ ಕೊಟ್ಟವರು ಪಂಜಾಬಿ ಮೂಲದ ಬ್ರಿಟಿಷ್ ನಟಿ ಪರ್ಮಿಂದರ್ ನಾಗ್ರಾ. ಆ ದನಿಯ ತಾಳ್ಮೆ ಚಿತ್ರದ ಹಲವು ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುವಂತೆ ಮಾಡುತ್ತದೆ.

ಪ್ರಶ್ನೆ: ಅದೇ ಚಿತ್ರದ ಕೊನೆಯಲ್ಲಿ ಮನೆಯ ಸೇವಕ ಆಲ್ಫ್ರೆಡ್ ಕೈ ಚಾಚಿದರೂ ಬ್ರೂಸ್ ಹಿಡಿದುಕೊಳ್ಳುವುದಿಲ್ಲ. ಯಾಕೆ ಎಂದು ನನಗೆ ಹೊಳೆಯಲಿಲ್ಲ.
(ಚಿಕ್ಕಮಗಳೂರು)

ಉತ್ತರ: ಈ ಪ್ರಶ್ನೆಗಾಗಿಯೇ ಕಾದಿದ್ದೆ. ‘ವರ್ಕಿಂಗ್ ಥ್ರೂ ಪೇಯ್ನ್’ ಆರರಲ್ಲಿ ಶ್ರೇಷ್ಠವೆಂದು ನಾನು ನಂಬಿರುವುದು ಆ ಕೊನೆಯ ಅರೆನಿಮಿಷಕ್ಕಾಗಿ. ತೊಷಿಯುಕಿ ಕುಬೊಓಕಾ ನಿರ್ದೇಶಿಸಿದ ಈ ಚಿತ್ರದಲ್ಲಿ ಕಥೆ ಎನ್ನಬಹುದಾದದ್ದು ಇಷ್ಟೇ: ಬೆರ್ಚಪ್ಪನ ವಿಷಕ್ಕೆ ಬುದ್ಧಿ ಕೆಟ್ಟವನೊಬ್ಬ ಚರಂಡಿ ಸುರಂಗದಲ್ಲಿ ಹಾರಿಸಿದ ಗುಂಡು ಬ್ರೂಸ್‌ನ ಹೊಟ್ಟೆಯನ್ನು ಹೊಕ್ಕಿದೆ, ಅವನು ಮೇಲೆ ಬರಬೇಕು. ಬೇರೆ ಸೂಪರ್‌ಹೀರೋ ಚಿತ್ರಗಳಲ್ಲಿ ಒಂದು ಕ್ಷಣದಲ್ಲಿ ಮುಗಿಯುವ ಕೆಲಸ ಅದು. ಇಲ್ಲಿ ಗಾಯವನ್ನು ತಾನೇ ಸುಟ್ಟು ರಕ್ತ ನಿಲ್ಲಿಸಿಕೊಂಡು, ಗೋಡೆ ಹಿಡಿದು, ಕೊಳಚೆಯಲ್ಲಿ ಕುಸಿದು, ಮತ್ತೆ ಎದ್ದು ನಡೆಯುವುದೇ ಇಡೀ ಚಿತ್ರ; ಪ್ರತಿ ಹೆಜ್ಜೆಯ ನಡುವೆ ಕಸಾಂಡ್ರಾ ಕಲಿಸಿದ ಪಾಠಗಳ ನೆನಪು ಬಂದು ಹೋಗುತ್ತದೆ.

ಕೊನೆಗೆ ತೆವಳುತ್ತಾ ಬಂದಲ್ಲಿ, ಕಸದ ರಾಶಿಯ ಅಡಿಯಲ್ಲಿ, ಅವನ ಕೈಗೆ ಒಂದು ಪಿಸ್ತೂಲು ತಾಗುತ್ತದೆ. ಇನ್ನಷ್ಟು ಕೆದಕಿದರೆ ಇನ್ನೊಂದು, ಮತ್ತೊಂದು. ಊರಿನವರು ಕೆಲಸ ಮುಗಿದ ಮೇಲೆ ಬಿಸಾಡಿದ ಬಂದೂಕುಗಳೆಲ್ಲ ಅಲ್ಲಿ ಬಂದು ಸೇರಿವೆ. ಅವನು ಒಂದೊಂದಾಗಿ ಎತ್ತಿ ಎದೆಗವಚಿಕೊಳ್ಳುತ್ತಾನೆ. ಆಲ್ಫ್ರೆಡ್ ಬಂದು ಕೈ ಕೊಡಿ ಎನ್ನುತ್ತಾನೆ. ಬ್ರೂಸ್ ಆಗುವುದಿಲ್ಲ ಎನ್ನುತ್ತಾನೆ. ನೋವಿನಿಂದ ಕೈ ಏಳುತ್ತಿಲ್ಲವೆಂದು ನಾವು ತಿಳಿಯುತ್ತೇವೆ, ಆಗ ಅವನ ತೋಳುಗಳ ತುಂಬ ಬಂದೂಕುಗಳಿರುವುದು ಕಾಣುತ್ತದೆ. ಒಂದು ಕೈ ಕೊಡಬೇಕಾದರೂ ಅವನ್ನು ಕೆಳಗೆ ಹಾಕಬೇಕು, ಅವನಿಂದ ಅದಾಗುವುದಿಲ್ಲ. ಸುಟ್ಟ ಗಾಯವನ್ನು ತಡೆದುಕೊಳ್ಳುವ ವಿದ್ಯೆಯನ್ನು ದೂರದೇಶಕ್ಕೆ ಹೋಗಿ ಕಲಿತುಬಂದವನಿಗೆ ಎಂಟು ವರ್ಷದ ಹುಡುಗನಾಗಿದ್ದಾಗ ಆದ ಇನ್ನೊಂದು ಗಾಯದ ಮೇಲೆ ಆ ವಿದ್ಯೆ ನಡೆಯುತ್ತಿಲ್ಲ. ತಂದೆತಾಯಿಯರನ್ನು ಕೊಂದದ್ದು ಇಂಥದೇ ಒಂದು ಪಿಸ್ತೂಲು.

ಆದ್ದರಿಂದ ಐದನೆಯದನ್ನು ನೋಡಿದ ಕೂಡಲೇ ಆರನೆಯದನ್ನೂ ನೋಡಬೇಕು, ನಡುವೆ ಏಳಬಾರದು. ‘ಡೆಡ್‌ಶಾಟ್’ನಲ್ಲಿ ಆ ಬಂದೂಕುಗಳು ಅವನ ಮನೆಗೆ ಬಂದಿವೆ. ಅವುಗಳಲ್ಲೊಂದನ್ನು ಕೈಯಲ್ಲಿ ಹಿಡಿದು, ಅದರ ತೂಕಕ್ಕೆ ಮನಸ್ಸು ಸೋಲುವುದು ಏಕೆಂದು ತನಗೆ ಅರ್ಥವಾಗುತ್ತದೆ ಎನ್ನುತ್ತಾನೆ. ಬಂದೂಕು ಮುಟ್ಟದವನೆಂದು ಹೆಸರಾದವನ ಬಾಯಿಂದ ಬಂದ ಮಾತು ಅದು. ಹೊರಗೆ, ದೂರದಿಂದ ಗುರಿಯಿಟ್ಟು ಕೂಲಿಗೆ ಕೊಲ್ಲುವವನೊಬ್ಬ ಊರಿಗೆ ಬಂದಿದ್ದಾನೆ. ಪೊಲೀಸ್ ಅಧಿಕಾರಿ ಗಾರ್ಡನ್‌ನನ್ನು ಕೊಲ್ಲಲು ಬಂದಂತೆ ತೋರಿಸಿ ಬ್ಯಾಟ್‌ಮ್ಯಾನ್‌ನನ್ನೇ ಬಲೆಗೆ ಕೆಡವುವುದು ಅವನ ಹೂಟ. ರೈಲಿನ ಮೇಲಿನ ಆ ಹೊಡೆದಾಟ ಚೆನ್ನಾಗಿಯೇ ಇದೆ, ಆದರೆ ನನ್ನ ಮನಸ್ಸು ಅದಕ್ಕೆ ಹೋಗಲಿಲ್ಲ. ಚಿತ್ರದ ಕೊನೆಗೆ ಬ್ರೂಸ್ ಆಲ್ಫ್ರೆಡ್‌ಗೆ ಹೇಳುವುದಿಷ್ಟು: ಇಷ್ಟು ವರ್ಷ ತಾನು ತಡೆಯಲು ಹೆಣಗುತ್ತಿರುವುದು ಆ ಎರಡೇ ಗುಂಡುಗಳನ್ನು.